ದೂರದ ಬೆಟ್ಟದೊಳಗಿನ ಕಡಲು

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.’

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಈ ಗಾದೆ ಕೇಳದೆ ಬೆಳೆದವರು ಕಡಿಮೆ. ಸಂಬಂಧ ಕುದುರಿಸುವ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಗುಳೆ ಹೊರಟ ಮಗನಿಗೆ ತಾಯಿ ಹೇಳುತ್ತಾಳೆ. ಎಲ್ಲ ಕಡೆಯೂ ಎಚ್ಚರಿಕೆ ಒಂದೇ: ಹತ್ತಿರ ಹೋದರೆ ಕಲ್ಲುಮುಳ್ಳು ಕಾಣುತ್ತವೆ, ಮೊದಲ ನೋಟಕ್ಕೆ ಮರುಳಾಗಬೇಡ. ಈ ಅರ್ಥವನ್ನು ತಳ್ಳಿಹಾಕುವಂತಿಲ್ಲ. ಆದರೆ ಇದರಲ್ಲಿ ಬೆಟ್ಟಕ್ಕೆ ಸ್ವಲ್ಪ ಅನ್ಯಾಯವಾಗಿದೆ. ಸಮೀಪದಲ್ಲಿ ಕಾಣುವ ಒರಟನ್ನು ನಾವು ಬೆಟ್ಟದ ದೋಷವೆಂದು ಎಣಿಸಿದ್ದೇವೆ. ಆ ಒರಟಿನಲ್ಲೇ ಅದರ ಹುಟ್ಟಿನ ಕಥೆ ಬರೆದಿದೆ.

ಕೂಡ್ಲಿಗಿಯ ಬಯಲಿನಿಂದ ಈಶಾನ್ಯಕ್ಕೆ ಸಂಡೂರಿನ ಬೆಟ್ಟಸಾಲು. ದೂರಕ್ಕೆ ಅದೊಂದು ನೀಲಿ ಗೆರೆ. ಆ ಸಾಲಿನ ಶಿಲೆಗಳಲ್ಲಿ ಕೆಲವೆಡೆ ಒಂದರ ಮೇಲೊಂದು ಒತ್ತಿಕೊಂಡ ಗುಂಡುಗುಂಡಾದ ಉಬ್ಬುಗಳಿವೆ. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುತ್ತಾರೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು. ಅದರ ತಳದಲ್ಲಿ ಲಾವಾ ಉಕ್ಕುತ್ತಿತ್ತು. ಸಾವಿರ ಡಿಗ್ರಿಗೂ ಮೀರಿ ಕಾದ ಕಲ್ಲಿನ ರಸ ತಣ್ಣೀರಿಗೆ ತಗುಲಿದ ಕೂಡಲೇ ಹೊರಮೈ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗೆ ಮಾತ್ರ ಇನ್ನೂ ಕುದಿತ. ಆ ಒತ್ತಡಕ್ಕೆ ಚಿಪ್ಪು ಬಿರಿದು ಇನ್ನೊಂದು ಉಬ್ಬು ಹೊರಬರುತ್ತದೆ, ಅದರ ಮೇಲೆ ಮತ್ತೊಂದು. ಮೇಲಿನ ಉಬ್ಬು ಮೆತ್ತಗಿರುವಾಗಲೇ ಕೆಳಗಿನ ಎರಡರ ನಡುವಿನ ಸಂದಿಗೆ ಇಳಿದು ಬಾಲದಂತೆ ಚೂಪಾಗುತ್ತದೆ. ಭೂಮಿ ಎಷ್ಟೇ ಮಡಿಚಿಕೊಂಡಿದ್ದರೂ, ಆ ಬಾಲ ಯಾವ ಕಡೆಗಿದೆಯೋ ಅದೇ ಅಂದಿನ ಕಡಲ ತಳದ ದಿಕ್ಕು ಎಂದು ತಿಳಿಯಬಹುದು. ಇಂದು ಹಡಗಲಿಯ ಮಲ್ಲಿಗೆ ಬೆಳೆಗಾರನಿಗೆ ಕಡಲೆಂದರೆ ಇನ್ನೂರು ಕಿಲೋಮೀಟರ್ ಆಚೆಯ ಕಾರವಾರ. ಆದರೆ ಅವನ ಸೀಮೆಯ ಪಕ್ಕದ ಬೆಟ್ಟವೇ ಕಡಲಿನಲ್ಲಿ ಹುಟ್ಟಿದ್ದು.

ಹಾಗೆ ಹುಟ್ಟುವ ನೆಲವನ್ನು ಕಣ್ಣಾರೆ ಕಾಣಲು 2018ರವರೆಗೆ ಜನ ಹವಾಯಿ ದ್ವೀಪಕ್ಕೆ ಹೋಗುತ್ತಿದ್ದರು. ಕಿಲವೇಯ ಜ್ವಾಲಾಮುಖಿಯ ಲಾವಾ ಕಡಲಿಗಿಳಿಯುತ್ತಿದ್ದ ದಿನಗಳಲ್ಲಿ ಅಲ್ಲಿ ದೋಣಿಗಳು ನಸುಕಿನಲ್ಲೇ ಹೊರಡುತ್ತಿದ್ದವು. ಬಿಸಿಲೇರಿದರೆ ಬಿಳಿ ಆವಿಯಷ್ಟೇ ಕಾಣುತ್ತಿತ್ತು. ಕತ್ತಲು ಪೂರ್ತಿ ಹರಿಯುವ ಮುನ್ನ ಕೆಂಡದ ತೊರೆಗಳು ಎದ್ದು ಕಾಣುತ್ತಿದ್ದವು. ದೂರದಿಂದ ಅದು ರೇಷ್ಮೆ ಎಳೆಯಷ್ಟೇ ನುಣುಪು. ಸಮೀಪಿಸಿದರೆ ಆ ಆವಿಯಲ್ಲಿ ಉಪ್ಪುನೀರು ಕುದಿದು ಹುಟ್ಟಿದ ಹೈಡ್ರೋಕ್ಲೋರಿಕ್ ಆಮ್ಲವಿದೆ, ಗಾಜಿನ ಸಣ್ಣ ಚೂರುಗಳಿವೆ. 2018ರ ಜುಲೈ 16ರ ಬೆಳಗ್ಗೆ ಲಾವಾ ನೀರಿನೊಳಗೆ ಸಿಡಿದು, ಕಾದ ಬಂಡೆಯೊಂದು ಪ್ರವಾಸಿ ದೋಣಿಯ ಚಾವಣಿಯನ್ನು ತೂರಿ ಬಿತ್ತು. 23 ಮಂದಿ ಗಾಯಗೊಂಡರು. ಲಾವಾದಿಂದ 300 ಮೀಟರ್ ದೂರವಿರಬೇಕೆಂಬ ನಿಯಮ ಬಿಗಿಯಾಯಿತು. ಅದೇ ವರ್ಷದ ಹರಿವು ನೂರಾರು ಮನೆಗಳನ್ನು ನುಂಗಿತು, ಕಡಲಂಚಿಗೆ ಸುಮಾರು 875 ಎಕರೆ ಹೊಸ ನೆಲವನ್ನೂ ಸೇರಿಸಿತು.

ಗಾದೆಯ ಪೂರ್ಣ ಅರ್ಥ ಇಲ್ಲಿ ತೆರೆದುಕೊಳ್ಳುತ್ತದೆ. ಹುಟ್ಟುತ್ತಿರುವ ಬೆಟ್ಟವನ್ನು ದೂರದಿಂದಲೇ ನೋಡಬೇಕು; ಅಲ್ಲಿ ಅಂತರವೇ ಮರ್ಯಾದೆ, ಅದೇ ಜೀವರಕ್ಷೆ. ತಣಿದ ಬೆಟ್ಟವನ್ನು ಹತ್ತಿರ ಹೋಗಿ ಮುಟ್ಟಿ ನೋಡಬೇಕು. ಅಲ್ಲಿ ದೂರ ಉಳಿದರೆ ಅಜ್ಞಾನವೇ ಗತಿ. ನುಣುಪು ನೋಟ ಸುಳ್ಳಲ್ಲ, ಅರ್ಧ. ಉಳಿದರ್ಧಕ್ಕೆ ಕಾಲು ಸವೆಸಬೇಕು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಗೆ ಹೋದರೆ ಈ ಮಾತು ಇನ್ನಷ್ಟು ಸ್ಪಷ್ಟ. ಕರಡಿಗಳಿಗೆ ಆಸರೆಯಾದ ಅಲ್ಲಿನ ಗುಂಡುಕಲ್ಲುಗಳೂ ಶಿಲಾರಸದಿಂದಲೇ ಆದವು. ಆದರೆ ಆ ರಸ ಕಡಲನ್ನು ಕಾಣಲಿಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲೇ ನಿಧಾನವಾಗಿ ತಣಿಯಿತು. ನಿಧಾನವಾಗಿ ತಣಿದದ್ದರಿಂದ ಹರಳುಗಳು ದಪ್ಪವಾಗಿ ಬೆಳೆದು ಗ್ರಾನೈಟ್ ಆಯಿತು. ಸಂಡೂರಿನಲ್ಲಿ ನೀರಿಗೆ ಬಿದ್ದು ಥಟ್ಟನೆ ತಣಿದದ್ದು ಸಣ್ಣ ಕಣದ ಕಪ್ಪು ಕಲ್ಲಾಯಿತು. ದೂರದಿಂದ ಎರಡೂ ಬರಿ ಗುಡ್ಡ. ಕೈಯಲ್ಲಿ ಹಿಡಿದರೆ ಒಂದರ ಬದುಕು ಬೇರೆ, ಇನ್ನೊಂದರದ್ದು ಬೇರೆ.

ಹತ್ತಿರ ಹೋಗುವುದರಲ್ಲೂ ಎರಡು ಬಗೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಬೆಟ್ಟಗಳ ಹತ್ತಿರ ಹೋದದ್ದು ಓದುವುದಕ್ಕೆ. 1895ರಲ್ಲಿ ಬಂದ ಅವರ ಗ್ರಂಥ ಇಂದಿಗೂ ಈ ಸೀಮೆಯ ಕಲ್ಲುಗಳ ಅಧ್ಯಯನಕ್ಕೆ ಆಧಾರ. ಆಮೇಲೆ ಹೋದವರಲ್ಲಿ ಅನೇಕರು ಅಗೆಯುವುದಕ್ಕೆ ಹೋದರು. ಸಂಡೂರಿನ ಕಬ್ಬಿಣವೂ ಪುರಾತನ ಕಡಲಿನದೇ. ಆಗ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಕಡಲ ತಳದ ಬಿಸಿ ಬುಗ್ಗೆಗಳು ಹೊರಹಾಕಿದ ಕಬ್ಬಿಣ ಕರಗಿಕೊಂಡಿದ್ದು, ಕಾಲಾಂತರದಲ್ಲಿ ಪದರಪದರವಾಗಿ ತಳ ಸೇರಿತು. ಅಷ್ಟು ದೀರ್ಘ ಕಾಲದ ಗಂಟನ್ನು ಕೆಲವೇ ವರ್ಷಗಳಲ್ಲಿ ಲಾರಿಗಳಿಗೆ ತುಂಬಿಸಿದ ಆತುರ ಎಷ್ಟಿತ್ತೆಂದರೆ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಬೆಟ್ಟ ನುಣ್ಣಗಿಲ್ಲ ಎಂದು ಗಾದೆ ಹೇಳಿತು. ನುಣ್ಣಗೆ ಬೋಳಿಸಿ ಎಂದು ಹೇಳಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬು ಲಾವಾದ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಯ್ದಿರಿಸಿದ್ದಾರೆ. ಕೂಡ್ಲಿಗಿ, ಕೊಟ್ಟೂರಿನ ಶಾಲೆಗಳಿಗೆ ಅದು ಒಂದು ದಿನದಲ್ಲಿ ಹೋಗಿಬರುವ ದಾರಿ. ಹಂಪಿಗೆ, ಜೋಗಕ್ಕೆ ಹೊರಡುವ ಶಾಲಾ ಪ್ರವಾಸ ಒಂದು ವರ್ಷ ಅಲ್ಲಿಗೂ ಹೋಗಲಿ. ಮಕ್ಕಳು ಆ ಕಲ್ಲಿನ ಉಬ್ಬಿನ ಮೇಲೆ ಕೈಯಿಡಲಿ, ಬಾಲ ಯಾವ ಕಡೆಗಿದೆ ಎಂದು ಹುಡುಕಲಿ. ಹವಾಯಿಗೆ ಹೋಗಿ ದೋಣಿ ಹತ್ತುವುದು ಎಲ್ಲರಿಗೂ ಸಾಧ್ಯವಿಲ್ಲ. ಬೆಂಕಿ ನೀರಿಗಿಳಿದು ನೆಲವಾದ ಗುರುತನ್ನು ನಮ್ಮ ಸೀಮೆಯಲ್ಲೇ ಮುಟ್ಟಿ ನೋಡಬಹುದು. ಹಾಗೆ ಮುಟ್ಟಿ ಬಂದ ಮಗು ಮುಂದೆ ಆ ಬೆಟ್ಟವನ್ನು ಟನ್ನಿನ ಲೆಕ್ಕದಲ್ಲಿ ಮಾತ್ರ ನೋಡಲಾರದು ಎಂಬ ನಂಬಿಕೆ ನನಗಿದೆ.