ದಂದಕ್ಕಿ ಕಟ್ಟಿದವರ ಲೆಕ್ಕ

ಮೊಬೈಲಿನಲ್ಲಿ ಫೆರೆಟ್ ನೋಡಿದ ಮಕ್ಕಳು ನಮ್ಮ ಊರುಗಳಲ್ಲೂ ‘ನಮಗೂ ಒಂದು ತರ್ರಿ’ ಅನ್ನತೊಡಗಿದ್ದಾರೆ. ನೋಡಲಿಕ್ಕೆ ಮುಂಗುಸಿಯ ಹಾಗೆ ಕಂಡರೂ ಅದು ನೀರುನಾಯಿಯ ಬಳಗದ ಪ್ರಾಣಿ. ಯುರೋಪಿನವರು ಮೊಲದ ಬಿಲಕ್ಕೆ ನುಗ್ಗಿಸಿ ಬೇಟೆಯಾಡಲು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಅದನ್ನು ಪಳಗಿಸಿದ್ದರು. ಬಿಲಕ್ಕೆಂದೇ ಆದ ಮೈ ಅದರದು: ಉದ್ದ, ತೆಳ್ಳಗೆ. ತಲೆ ತೂರಿದ ಕಡೆ ಇಡೀ ದೇಹ ತೂರುತ್ತದೆ. ದಿನದ 14ರಿಂದ 18 ತಾಸು ಕತ್ತಲಲ್ಲಿ ಸುರುಳಿ ಸುತ್ತಿ ಮಲಗುತ್ತದೆ, ಎದ್ದಾಗ ಮಾತ್ರ ಮನೆಯೆಲ್ಲ ಓಡಾಡಬೇಕು.

ಹಾಗಾಗಿ ಅದನ್ನು ಸಾಕಿ ಬಲ್ಲವರು ಗಾಜಿನ ತೊಟ್ಟಿ ಬೇಡ ಅನ್ನುತ್ತಾರೆ, ಅದರೊಳಗೆ ಗಾಳಿ ಆಡುವುದಿಲ್ಲ. ಎರಡು ಮೂರು ಅಂತಸ್ತಿನ ಪಂಜರ, ಸರಳುಗಳ ನಡುವೆ ಒಂದು ಅಂಗುಲಕ್ಕಿಂತ ಕಡಿಮೆ ಸಂದು, ಕಾಲಿಗೆ ಚುಚ್ಚದ ಗಟ್ಟಿ ನೆಲ, ತೂಗುವ ಬಟ್ಟೆಯ ಹಾಸಿಗೆ, ಮೂಲೆಯಲ್ಲಿ ಮಲಮೂತ್ರಕ್ಕೆ ತಟ್ಟೆ. ಪಂಜರದ ಹೊರಗೆ ದಿನಕ್ಕೆ ನಾಲ್ಕು ತಾಸಾದರೂ ಓಡಾಟ. ಕೈಗೆಟುಕುವ ರಬ್ಬರ್, ಸ್ಪಂಜು ಏನಿದ್ದರೂ ತೆಗೆದಿಡಬೇಕು. ಅಗಿದು ನುಂಗಿದರೆ ಕರುಳು ಕಟ್ಟಿ ಸಾಯಬಹುದು.

ಇದನ್ನೆಲ್ಲ ದುಡ್ಡು ಕೊಟ್ಟು ಮಾಡಿಸಬಹುದು. ಬಿಸಿಲಿಗೆ ಏನು ಮಾಡುವುದು? ಫೆರೆಟ್‌ಗೆ ನಮ್ಮಂತೆ ಮೈ ಬೆವರುವುದಿಲ್ಲ. 27 ಡಿಗ್ರಿ ದಾಟಿದರೆ ತಳಮಳ, 30 ದಾಟಿದರೆ ಪ್ರಾಣಕ್ಕೇ ಅಪಾಯ. ಎಪ್ರಿಲ್ ತಿಂಗಳ ರಾಮದುರ್ಗ, ಸವದತ್ತಿಯಲ್ಲಿ ಮಧ್ಯಾಹ್ನ 38–40 ಡಿಗ್ರಿ. ಆರ್‌ಸಿಸಿ ಮನೆಯ ಮೇಲಿನ ಕೋಣೆಯಲ್ಲಿ ರಾತ್ರಿ ಹತ್ತಕ್ಕೂ ಗೋಡೆ ಕಾದಿರುತ್ತದೆ. ಅಂಥ ಕಡೆ ಈ ಜೀವವನ್ನು ಇಡುವುದು ಸರಿಯಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸಾಕುವ ಜೀವಕ್ಕೆ ತಕ್ಕ ಜಾಗ ಮಾಡುವ ಈ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತಿತ್ತು. ಈ ಕಡೆಯ ಹಳೆಯ ಒಕ್ಕಲುಮನೆಯ ತಲಬಾಗಿಲು ದಾಟಿದರೆ ದನ ಕಟ್ಟುವ ದಂದಕ್ಕಿ, ಅದಕ್ಕೆ ಹತ್ತಿಯೇ ಎತ್ತರದ ಕಟ್ಟೆಯ ಮೇಲೆ ಮನೆಮಂದಿ. ಎತ್ತು ಕೊರಳು ಚಾಚುವ ಅಳತೆಗೆ ಮೇವಿನ ಗ್ವಾದಲಿ. ಗಂಜಲ ನಿಲ್ಲದಂತೆ ನೆಲಕ್ಕೆ ವಾಟ. ಗೋಡೆ ಎರಡು ಮೂರು ಅಡಿ ದಪ್ಪ, ಮೇಲೆ ಬೆಳಕಿಂಡಿ. ಮಳೆ ಹೆಚ್ಚಿರುವ ಕಿತ್ತೂರಿನ ಕಡೆ ಚಾವಣಿಗೆ ಹಂಚು. ಬೈಲಹೊಂಗಲ ದಾಟಿ ಮೂಡಣಕ್ಕೆ ಹೋದಂತೆ ಮಳೆ ಕಡಿಮೆ, ಅಲ್ಲಿ ಮಣ್ಣಿನ ಮೇಲ್ಮುದ್ದಿ. ಆ ಮಣ್ಣು ಬೇಸಿಗೆಯ ಕಾವನ್ನು ಒಳಗೆ ಬಿಡುತ್ತಿರಲಿಲ್ಲ. ರಾತ್ರಿ ಎತ್ತು ಒಮ್ಮೆ ಕೆಮ್ಮಿದರೂ ಕಟ್ಟೆಯ ಮೇಲೆ ಮಲಗಿದ ಯಜಮಾನನಿಗೆ ಎಚ್ಚರ. ದನದ ಜಾಗ ಮನೆಯ ಬುನಾದಿಯ ಜೊತೆಗೇ ಗೊತ್ತಾಗುತ್ತಿತ್ತು, ಉಳಿದ ಮೂಲೆ ಹುಡುಕಿ ಕಟ್ಟಿದ್ದಲ್ಲ.

ಈಗ ಮೊಲಗಳನ್ನೇ ನೋಡಿ. ಪೇಟೆಯಿಂದ ತಂದ ತಂತಿಯ ಗೂಡು ಮಹಡಿಯ ಮೇಲೆ, ತಗಡಿನ ನೆರಳಲ್ಲಿ ಇರುತ್ತದೆ. ಮೊಲಕ್ಕೂ ಸೆಕೆ ತಡೆಯದು, ಮೈಯ ಕಾವು ಇಳಿಯುವುದು ಬಹುಪಾಲು ಅದರ ಕಿವಿಗಳಿಂದ. ತಂತಿಯ ನೆಲದ ಮೇಲೆ ದಿನವಿಡೀ ಕೂತರೆ ಹಿಂಗಾಲಿನಲ್ಲಿ ಹುಣ್ಣಾಗುತ್ತದೆ. ಒಂದು ಹಲಗೆ, ಒಣಹುಲ್ಲು, ಅಡಗಿಕೊಳ್ಳಲು ಮುಚ್ಚಿದ ಪೆಟ್ಟಿಗೆ, ಬಡಗಣ ಗೋಡೆಗೆ ಹತ್ತಿದ ತಂಪಾದ ನೆಲ ಸಿಕ್ಕರೆ ಅದು ಚೆನ್ನಾಗಿ ಬಾಳುತ್ತದೆ. ಹಳೆಯ ಮಣ್ಣಿನ ಗೋಡೆಯ ಕೋಣೆ ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಫೆರೆಟ್ ಸಿಗದಿದ್ದರೆ ಹೊಲದ ಮುಂಗುಸಿ ಮರಿ ಹಿಡಿದು ತರೋಣ ಅನ್ನುವವರಿದ್ದಾರೆ. ದಯವಿಟ್ಟು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಪಂಜರದ ಗಿಳಿಗೂ ಅದೇ ಕಾಯ್ದೆ.

ಏನನ್ನು ತರುವುದಿದ್ದರೂ ಮೊದಲು ಗೂಡು ಇಡುವ ಜಾಗದಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ, ಬೇಸಿಗೆಯ ಒಂದು ವಾರ ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ನೋಡಿ ಬರೆದಿಡಿ. ಬಳಿಕ ಊರಿನ ಪಶು ಆಸ್ಪತ್ರೆಗೆ ಹೋಗಿ ಕೇಳಿ. ಅಲ್ಲಿಗೆ ಬರುವುದು ಹೆಚ್ಚಾಗಿ ದನ, ಎಮ್ಮೆ, ಕುರಿ, ಆಡು. ಇಂಥ ಸಣ್ಣ ಜೀವಕ್ಕೆ ಔಷಧ ಯಾರು ಕೊಡುತ್ತಾರೆ, ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕೆ ಎಂಬುದನ್ನು ಪ್ರಾಣಿ ಮನೆಗೆ ಬರುವ ಮೊದಲೇ ತಿಳಿದುಕೊಳ್ಳಿ.