ಚರಗ: ದಾನವೋ, ಋಣವೋ?

ಮಾರ್ಗಶಿರ ಮಾಸದ ಕಡೆಯ ದಿನವಾದ ಎಳ್ಳಮಾವಾಸ್ಯೆಯಂದು ಕಲಬುರಗಿ, ಕಮಲಾಪುರಗಳ ಸೀಮೆಯಲ್ಲಿ ಊರು ಬರಿದಾಗಿ ಹೊಲ ತುಂಬುತ್ತದೆ. ಚಳಿಗಾಲದ ಅಡಿಗೆಯೆಲ್ಲವೂ ಬುಟ್ಟಿಗಳಲ್ಲಿ ಹೊರಡುತ್ತದೆ: ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಜೋಳದ ಅಂಬಲಿ, ಹಸಿ ತೊಗರಿ, ಅವರೆ, ಕಡಲೆ, ಬದನೆ, ನಾನಾ ಸೊಪ್ಪುಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ ಬೇಯಿಸಿದ ಭಜ್ಜಿ. ಎಳ್ಳೂ ಸಜ್ಜೆಯೂ ಮೈಗೆ ಕಾವು ಕೊಡುವುವೆಂಬುದು ಹಿರಿಯರ ನಂಬುಗೆ. ಆದರೆ ಈ ಅಡಿಗೆಯ ಮೊದಲ ತುತ್ತು ಮನೆಯವರಿಗಲ್ಲ. ಹಿಂಗಾರಿ ಜೋಳದ ನಡುವೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಅಡಿಗೆಯನ್ನು ಹೊಲದ ಸುತ್ತಲೂ ಚೆಲ್ಲುವರು. ಇದೇ ಚರಗ.

ಹಸಿದವರಿರುವ ನಾಡಿನಲ್ಲಿ ಅನ್ನವನ್ನು ಮಣ್ಣಿಗೆ ಚೆಲ್ಲುವುದು ಸರಿಯೇ ಎಂದು ವಿಚಾರವಂತರು ಕೇಳಬಹುದು. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಚೆಲ್ಲಿದುದು ಹಿಡಿಯಷ್ಟೇ, ಅದೂ ಹಕ್ಕಿ ಇರುವೆಗಳ ಪಾಲಾಗುವುದು ಎಂಬ ಸಮಾಧಾನವು ಸಾಲದು. ಚರಗವನ್ನು ದಾನವೆಂದು ಬಗೆದರೆ ಆಕ್ಷೇಪಣೆಯೇ ಗೆಲ್ಲುತ್ತದೆ. ಏಕೆಂದರೆ ದಾನಕ್ಕೆ ಪಾತ್ರಾಪಾತ್ರ ವಿವೇಕವು ಬೇಕು. ಹಸಿದ ಮನುಷ್ಯನಿರುವಾಗ ಮಣ್ಣು ದಾನಕ್ಕೆ ಪಾತ್ರವಾಗದು. ಋಣವೆಂದು ಬಗೆದರೆ ಮಾತೇ ಬೇರೆ. ಸಾಲ ಕೊಟ್ಟವನು ಹಸಿದಿರುವನೇ ಎಂದು ನೋಡಿ ಯಾರೂ ಸಾಲ ತೀರಿಸುವುದಿಲ್ಲ; ಪಡೆದುದರಿಂದಲೇ ತೀರಿಸಬೇಕಾಗುತ್ತದೆ.

ಆದರೆ ಋಣವೆಂದು ಒಪ್ಪಿದ ಮೇಲೆ ಲೆಕ್ಕವು ಮಣ್ಣಿನಲ್ಲಿಯೇ ನಿಲ್ಲದು. ಆ ಬೆಳೆಯಲ್ಲಿ ಕಳೆ ಕಿತ್ತ ಕೈಗಳೂ ಸಾಲ ಕೊಟ್ಟವೇ. ಗುಲ್ಬರ್ಗಾ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆತು ಸೀಮೆಯ ಮಣ್ಣಿನ ಹೆಸರು ನಿಂತಿತು. ಆ ಕೈಗಳಿಗೆ ಅಂತಹ ಗುರುತಿಲ್ಲ. ಹಬ್ಬದಂದು ನೆಂಟರನ್ನೂ ಪಟ್ಟಣದ ಗೆಳೆಯರನ್ನೂ ದಾರಿಹೋಕರನ್ನೂ ಕರೆದು ಉಣಬಡಿಸುವ ವಾಡಿಕೆಯುಂಟು. ಅದು ಔದಾರ್ಯವೇ ಸರಿ. ಆದರೆ ಕಳೆ ಕಿತ್ತವಳನ್ನು ಪಂಕ್ತಿಯಲ್ಲಿ ಕೂಡಿಸದೆ, ಉಳಿದುದನ್ನು ಸಂಜೆ ಕಟ್ಟಿಕೊಟ್ಟರೆ, ಅದು ಸಾಲವನ್ನು ಭಿಕ್ಷೆಯೆಂದು ಬರೆದಿಟ್ಟಂತೆ.

ಇದೇ ಸೀಮೆಯಲ್ಲಿ ಬಾಳಿದ ಶರಣಬಸವೇಶ್ವರರು (೧೭೪೬–೧೮೨೨) ಒಕ್ಕಲುತನ ಮಾಡುತ್ತಿದ್ದಾಗ ತೆನೆಗೆ ಬಂದ ಹಕ್ಕಿಗಳನ್ನು ಓಡಿಸಲಿಲ್ಲವೆಂದು ಜನರು ಹೇಳುವರು. ಅವರ ಹೆಸರಿನೊಡನೆ ಬೆಳೆದುಬಂದುದು ದಾಸೋಹ. ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನೇ ದಾಸನು. ಚರಗದ ತಾತ್ಪರ್ಯವೂ ಇದೇ. ಆದುದರಿಂದ ಅಡಿಗೆಯ ಬುಟ್ಟಿಯು ಹೊಲದ ಬದುವನ್ನು ಮುಟ್ಟುವ ಮೊದಲು ಕರೆಯು ಕೂಲಿಯವರ ಮನೆಯ ಬಾಗಿಲನ್ನು ಮುಟ್ಟಲಿ. ಮಣ್ಣಿನ ಋಣವು ಅಲ್ಲಿಂದಲೇ ತೀರತೊಡಗುವುದು.