ಕೊಟ್ಟ ಶಕ್ತಿ ಎಲ್ಲಿ ಹೋಯಿತು?

‘ಕೂಡದು’ ಬೇರೆ, ‘ಆಗದು’ ಬೇರೆ. ಮೊದಲನೆಯದು ಯಾರೋ ಹಾಕಿದ ನಿಷೇಧ. ಎರಡನೆಯದು ಜಗತ್ತು ಇರುವ ರೀತಿ. ಯಾವ ವಸ್ತುವೂ ಬೆಳಕಿನ ವೇಗ ಮುಟ್ಟದು ಎಂದಾಗ ನಮ್ಮ ಮನಸ್ಸು ಎದುರಿಗೊಂದು ಗೋಡೆಯನ್ನು ಕಲ್ಪಿಸಿಕೊಳ್ಳುತ್ತದೆ. ಆದರೆ ಅಲ್ಲಿ ಗೋಡೆಯಿಲ್ಲ.

ಇದನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಎಂಐಟಿಯ ವಿಲಿಯಂ ಬರ್ಟೋಝಿ 1964ರಲ್ಲಿ ಪ್ರಕಟಿಸಿದ ಪ್ರಯೋಗ. ಎಲೆಕ್ಟ್ರಾನುಗಳಿಗೆ ಹೆಚ್ಚು ಹೆಚ್ಚು ಶಕ್ತಿ ಕೊಡುತ್ತ, 8.4 ಮೀಟರ್ ಸಾಗಲು ಅವಕ್ಕೆ ಹಿಡಿಯುವ ಸಮಯವನ್ನು ಅವರು ಅಳೆದರು. ಶಕ್ತಿ 5 ಲಕ್ಷ ಎಲೆಕ್ಟ್ರಾನ್ ವೋಲ್ಟಿನಿಂದ 150 ಲಕ್ಷಕ್ಕೆ, ಅಂದರೆ 30 ಪಟ್ಟು ಏರಿತು. ನ್ಯೂಟನ್ ಲೆಕ್ಕದಲ್ಲಿ ವೇಗ ಐದು ಪಟ್ಟು ದಾಟಬೇಕಿತ್ತು. ಆದದ್ದು ಇಷ್ಟೇ: ಬೆಳಕಿನ ವೇಗದ ಸುಮಾರು ಶೇ. 87ರಷ್ಟಿದ್ದದ್ದು ಶೇ. 100ರ ಸಮೀಪಕ್ಕೆ ಬಂತು.

ಮಿಕ್ಕ ಶಕ್ತಿ ಸೋರಿಹೋಯಿತೇ? ಎಲೆಕ್ಟ್ರಾನುಗಳು ಬಂದು ಬಡಿಯುವ ಅಲ್ಯೂಮಿನಿಯಂ ಬಿಲ್ಲೆ ಎಷ್ಟು ಬಿಸಿಯಾಯಿತೆಂದು ಬರ್ಟೋಝಿ ನೋಡಿದರು. ಕೊಟ್ಟ ಶಕ್ತಿಗೂ ಆ ಶಾಖಕ್ಕೂ ತಾಳೆಯಾಯಿತು. ಶಕ್ತಿ ಎಲೆಕ್ಟ್ರಾನಿನಲ್ಲೇ ಇತ್ತು, ವೇಗವಾಗಿ ಮಾತ್ರ ಕಾಣಲಿಲ್ಲ.

ಐನ್‌ಸ್ಟೈನ್ 1905ರಲ್ಲೇ ಕಾರಣ ಹೇಳಿದ್ದರು. ವೇಗ ಏರಿದಂತೆ ಇನ್ನಷ್ಟು ಏರಿಸಲು ಬೇಕಾದ ಶಕ್ತಿ ಬೆಳೆಯುತ್ತಲೇ ಹೋಗುತ್ತದೆ. ಬೆಳಕಿನ ವೇಗಕ್ಕೆ ಅನಂತ ಶಕ್ತಿ ಬೇಕು. ಅನಂತವೆಂದರೆ ದೊಡ್ಡ ಮೊತ್ತವಲ್ಲ, ಕೊಟ್ಟು ಮುಗಿಸಲಾಗದ್ದು. ಎಲೆಕ್ಟ್ರಾನಿನ ಜೊತೆ ನಾವೂ ಸಾಗುತ್ತ ನೋಡಿದರೆ, ಬೆಳಕು ಆಗಲೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲೇ ಮುಂದೆ ಹೋಗುತ್ತಿರುತ್ತದೆ. ‘ಇನ್ನೇನು ಮುಟ್ಟಿತು’ ಎನ್ನುವುದು ಪಕ್ಕದಲ್ಲಿ ನಿಂತು ಅಳೆಯುವವರ ಮಾತು.

ಭೌತಶಾಸ್ತ್ರ ನೀತಿಪಾಠ ಹೇಳುವುದಿಲ್ಲ. ಎಲೆಕ್ಟ್ರಾನಿಗೆ ಆಸೆಯಿಲ್ಲ, ನಿರಾಸೆಯೂ ಇಲ್ಲ. ಆದರೆ ಅಳೆಯುವವರು ನಾವು, ಹಾಗಾಗಿ ಪ್ರಶ್ನೆ ನಮ್ಮದು. ವಾಸಿಯಾಗದ ಕಾಯಿಲೆಯಿಂದ ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಮಗಳನ್ನು ನಾವು ಕೇಳುವುದು, ‘ಏನಾದರೂ ಸುಧಾರಣೆ ಇದೆಯಾ?’ ಎಂದು. ಇಲ್ಲ ಎಂದರೆ, ಪಾಪ, ಎಷ್ಟು ಮಾಡಿದರೂ ಅಷ್ಟೇ ಎಂದು ಎದ್ದು ಬರುತ್ತೇವೆ. ಅದು ಗಡಿಯಾರವೊಂದನ್ನೇ ನೋಡಿ ಕೊಟ್ಟ ತೀರ್ಪು. ಮಗಳು ಮಗ್ಗುಲು ಬದಲಿಸಿದ್ದರಿಂದ ಹುಣ್ಣಾಗದೆ ಉಳಿದ ಬೆನ್ನು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಎಲ್ಲ ಶ್ರಮವೂ ಸಾರ್ಥಕವೆಂದು ಸಮಾಧಾನ ಹೇಳಲು ನಾನು ಹೊರಟಿಲ್ಲ. ದಂಡವಾಗುವ ದುಡಿಮೆಯೂ ಇದೆ. ಶಾಖ ಇದ್ದೇ ಇರುತ್ತದೆಂದು ಬರ್ಟೋಝಿ ಕೂಡ ನಂಬಿ ಕೂರಲಿಲ್ಲ, ಅಳೆದರು. ಮತ್ತೊಬ್ಬರ ದುಡಿಮೆಯನ್ನು ವ್ಯರ್ಥ ಎನ್ನುವ ಮುನ್ನ ಅಷ್ಟು ಶ್ರಮ ನಾವೂ ಪಡಬೇಕು.